ಹೂಮರಿಗಳಲ್ಲಿ ಹುಂಜ ಯಾವುದು, ಹೇಂಟೆ ಯಾವುದು?

ನಮ್ಮ ಕೊಟ್ಟಿಗೆಹಾರದ ಸುತ್ತಮುತ್ತ ಸುಮಾರು ಮನೆಗಳಲ್ಲಿ ಕೋಳಿ ಸಾಕುತ್ತಾರೆ. ಎಲ್ಲರಿಗೂ ಹೇಂಟೆಗಳೇ ಬೇಕು, ಏಕೆಂದರೆ ಮೊಟ್ಟೆ ಇಡುವುದು ಅವೇ. ಆದರೆ ಕೆಲವು ಸಲ ಮರಿಗಳು ದೊಡ್ಡವಾದ ಮೇಲೆ ನೋಡಿದರೆ ಹುಂಜಗಳೇ ಜಾಸ್ತಿ ಇರುತ್ತವೆ. ಹೀಗೆ ಯಾಕೆ ಆಗುತ್ತದೆ ಎಂದು ಮಿತ್ರರಿಗೆ ತಿಳಿಸುತ್ತೇನೆ.

ಈ ವರ್ಷ ನಮ್ಮ ಕರಿ ಹೇಂಟೆಯನ್ನು 11 ಮೊಟ್ಟೆ ಇಟ್ಟು ಕಾವಿಗೆ ಕೂರಿಸಿದ್ದೆವು. 21 ದಿನಕ್ಕೆ 9 ಮರಿ ಆದವು. ಮೂರು ತಿಂಗಳಲ್ಲಿ ಅವುಗಳಲ್ಲಿ 7 ಹುಂಜ, 2 ಹೇಂಟೆ ಎಂದು ಗೊತ್ತಾಯಿತು. ಅವ್ವ ಮೊಟ್ಟೆ ಮಾರಿದ ದುಡ್ಡಲ್ಲೇ ನನಗೂ ತಂಗಿಗೂ ನೋಟ್‌ಬುಕ್ಕು, ಕೊಡೆ ತರುವುದು. ಅದಕ್ಕೆ ಅಜ್ಜಿಗೆ ಸಿಟ್ಟು ಬಂತು. "ಈ ಕರೀದು ಬರೀ ಹುಂಜನೇ ಮಾಡ್ತದೆ, ಸಂತೇಲಿ ಮಾರ್ಬಿಡು" ಅಂದರು.

ನಾನು ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಅವರು ವರ್ಣತಂತುಗಳ ವಿಷಯ ಹೇಳಿದರು. ಹುಂಜದಲ್ಲಿ ಝಡ್ ಎಂಬ ವರ್ಣತಂತು ಎರಡು ಇರುತ್ತವೆ. ಹೇಂಟೆಯಲ್ಲಿ ಒಂದು ಝಡ್, ಒಂದು ಡಬ್ಲ್ಯು. ತಾಯಿಯಿಂದ ಮೊಟ್ಟೆಗೆ ಝಡ್ ಬಂದರೆ ಹುಂಜ, ಡಬ್ಲ್ಯು ಬಂದರೆ ಹೇಂಟೆ. ಇದು ಮೊಟ್ಟೆ ಇಡುವ ಮೊದಲೇ ತೀರ್ಮಾನ ಆಗಿರುತ್ತದೆ. ಆದ್ದರಿಂದ ಕಾವು ಕೊಡುವ ಕೋಳಿಯದು ಏನೂ ತಪ್ಪಿಲ್ಲ. ನಾವು ಇಟ್ಟಿದ್ದ ಮೊಟ್ಟೆಗಳು ಮೂರು ಹೇಂಟೆಗಳದ್ದು! ಚೂಪು ಮೊಟ್ಟೆಯಲ್ಲಿ ಹುಂಜ, ದುಂಡು ಮೊಟ್ಟೆಯಲ್ಲಿ ಹೇಂಟೆ ಅನ್ನುವುದೂ ನಿಜವಲ್ಲ.

ಝಡ್ ಬರುವುದೋ ಡಬ್ಲ್ಯು ಬರುವುದೋ ನಾಣ್ಯ ಚಿಮ್ಮಿದ ಹಾಗೆ. ನಾನು ಒಂದು ರೂಪಾಯಿ ನಾಣ್ಯವನ್ನು 9 ಸಲದಂತೆ ಹತ್ತು ಸುತ್ತು ಚಿಮ್ಮಿದೆ. ಒಂದು ಸುತ್ತಿನಲ್ಲಿ 7 ಸಲ ಒಂದೇ ಕಡೆ ಬಿತ್ತು. ಇದನ್ನು ಅಜ್ಜಿಗೆ ತೋರಿಸಿದೆ. ಕರಿ ಹೇಂಟೆ ಸಂತೆಗೆ ಹೋಗಲಿಲ್ಲ.

ಮನುಷ್ಯರಲ್ಲಿ ಇದು ಉಲ್ಟಾ. ಅಪ್ಪನಿಂದ ಬರುವ ವರ್ಣತಂತುವಿನಿಂದ ಗಂಡೋ ಹೆಣ್ಣೋ ಆಗುತ್ತದೆ. ಹೆಣ್ಣು ಮಗು ಹುಟ್ಟಿತು ಎಂದು ತಾಯಿಯನ್ನು ಬೈಯುವುದು ಎಷ್ಟು ಅನ್ಯಾಯ ನೋಡಿ.

ಹೂಮರಿಯನ್ನು ನೋಡಿ ಹೇಳುವುದು ಕಷ್ಟ. ಜಪಾನಿನ ಮಸುಯಿ ಮತ್ತು ಹಾಶಿಮೊಟೊ ಎಂಬುವರು ಮರಿಯ ಹಿಂಭಾಗ ಪರೀಕ್ಷಿಸಿ ತಿಳಿಯುವ ವಿಧಾನದ ಬಗ್ಗೆ 1933ರಲ್ಲಿ ಪುಸ್ತಕ ಬರೆದರು. ಅದಕ್ಕೆ ತುಂಬಾ ಅಭ್ಯಾಸ ಬೇಕು, ನಾವು ಮಾಡಿದರೆ ಮರಿಗೆ ಪೆಟ್ಟಾಗುತ್ತದೆ. ಬುಟ್ಟಿಯಲ್ಲಿ ಮಾರಲು ತರುವ ಮರಿಗಳನ್ನು ಸಾಮಾನ್ಯವಾಗಿ ಬೇರೆ ಮಾಡಿರುವುದಿಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ ಬೆಳೆಸಿದ ಗಿರಿರಾಜ ಮರಿ ತಂದರೂ ಎರಡೂ ಸೇರಿರಬಹುದು.

ಮನೆಯಲ್ಲಿ ಗುರುತಿಸುವುದು ಹೀಗೆ:
1. ಆರರಿಂದ ಎಂಟು ವಾರಕ್ಕೆ ಹುಂಜದ ಜುಟ್ಟು ದೊಡ್ಡದಾಗಿ ಕೆಂಪಾಗುತ್ತದೆ. ಹೇಂಟೆಯದು ಚಿಕ್ಕದು, ಬಿಳಿಚಿಕೊಂಡಿರುತ್ತದೆ.
2. ಹುಂಜದ ಕಾಲು ದಪ್ಪ.
3. ಮೂರು ತಿಂಗಳ ಹೊತ್ತಿಗೆ ಹುಂಜದ ಕತ್ತು, ಬೆನ್ನಿನ ಗರಿ ಉದ್ದವಾಗಿ ಚೂಪಾಗುತ್ತದೆ. ಹೇಂಟೆಯ ಗರಿಯ ತುದಿ ದುಂಡಗೆ. ಇದೇ ಹೆಚ್ಚು ನಂಬುವ ಗುರುತು.
4. ಕೊನೆಗೆ ಅದೇ ಕೂಗಿ ಹೇಳುತ್ತದೆ!

ಎಂಟು ಹತ್ತು ಹೇಂಟೆಗೆ ಒಂದು ಹುಂಜ ಸಾಕು. ಜಾಸ್ತಿ ಇದ್ದರೆ ಕಾದಾಡುತ್ತವೆ, ಹೇಂಟೆಗಳ ಬೆನ್ನಿನ ಗರಿ ಕಿತ್ತುಹೋಗುತ್ತದೆ. ಹುಂಜ ಇಲ್ಲದಿದ್ದರೂ ಹೇಂಟೆ ಮೊಟ್ಟೆ ಇಡುತ್ತದೆ, ಆದರೆ ಆ ಮೊಟ್ಟೆ ಮರಿಯಾಗುವುದಿಲ್ಲ. ಆದ್ದರಿಂದ ಗಟ್ಟಿಯಾದ ಒಂದು ಹುಂಜ ಉಳಿಸಿಕೊಂಡು ಉಳಿದವನ್ನು ಹಬ್ಬದ ಮುಂಚೆ ಮಾರಿದರೆ ಮೊಟ್ಟೆಯ ನಷ್ಟ ಸ್ವಲ್ಪವಾದರೂ ತುಂಬುತ್ತದೆ. ನಿಮ್ಮ ಮನೆ ಮರಿಗಳ ಗರಿಯನ್ನೂ ನೋಡಿ, ಎಷ್ಟು ಹುಂಜ ಎಂದು ನನಗೆ ಹೇಳಿ.