ಉತ್ತರ ಬೆಂಗಳೂರಿನ ಬೇಸಿಗೆ ಗುಡುಗುಮಳೆ

ಉತ್ತರ ಬೆಂಗಳೂರಿನ ಬೇಸಿಗೆ ಗುಡುಗುಮಳೆ ಎಂದರೆ ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರ ಮೊದಲಾದ ಪ್ರದೇಶಗಳಲ್ಲಿ ಮಾರ್ಚ್‌ನಿಂದ ಮೇ ತಿಂಗಳವರೆಗೆ ಗುಡುಗು, ಮಿಂಚು ಹಾಗೂ ಬಿರುಗಾಳಿಯೊಡನೆ ಸುರಿಯುವ ಮಳೆ. ಇದು ಹೆಚ್ಚಾಗಿ ಮಧ್ಯಾಹ್ನದ ನಂತರ ಅಥವಾ ರಾತ್ರಿಯ ಮೊದಲ ಜಾವದಲ್ಲಿ ಬರುತ್ತದೆ. ಭಾರತೀಯ ಹವಾಮಾನ ಇಲಾಖೆಯು ಈ ಮೂರು ತಿಂಗಳನ್ನು ಮುಂಗಾರು ಪೂರ್ವ ಋತು ಎಂದು ಗುರುತಿಸುತ್ತದೆ. ಈ ಮಳೆಯು ಕಿರಿದಾದ ಪ್ರದೇಶದಲ್ಲಿ ಅಲ್ಪಕಾಲ ಸುರಿಯುವುದರಿಂದ, ಯಾವ ಬಡಾವಣೆಯಲ್ಲಿ ಬೀಳುತ್ತದೆ ಎಂಬುದನ್ನು ಹಿಂದಿನ ದಿನವೇ ನಿಖರವಾಗಿ ಹೇಳಲಾಗುವುದಿಲ್ಲ.

ಬೇಸಿಗೆಯ ತಾಪಮಾನ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿಯ ಬೇಸಿಗೆ ಉತ್ತರ ಕರ್ನಾಟಕದ ಬಯಲುಸೀಮೆಯಷ್ಟು ಕಠಿಣವಲ್ಲ. ಏಪ್ರಿಲ್ ಅತ್ಯಂತ ಬಿಸಿಯಾದ ತಿಂಗಳು. ಆಗ ಗರಿಷ್ಠ ತಾಪಮಾನ ಸರಾಸರಿ 34 ಡಿಗ್ರಿ ಸೆಲ್ಸಿಯಸ್‌ನಷ್ಟಿರುತ್ತದೆ. ನಗರದಲ್ಲಿ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಹಾಗೂ 2024ರ ಏಪ್ರಿಲ್ 28ರಂದು 38.5 ಡಿಗ್ರಿ ದಾಖಲಾಯಿತು. ಬಯಲು ಪ್ರದೇಶಗಳಲ್ಲಿ ತಾಪಮಾನ ಕನಿಷ್ಠ 40 ಡಿಗ್ರಿ ಮುಟ್ಟಿದ ಬಳಿಕವೇ ಬಿಸಿಗಾಳಿಯ ಮಾನದಂಡ ಅನ್ವಯವಾಗುತ್ತದೆ. ಆದ್ದರಿಂದ ನಗರದಲ್ಲಿ ಸೆಕೆ ಅಸಹನೀಯವಾದ ದಿನಗಳಲ್ಲಿಯೂ ಮುನ್ಸೂಚನೆಯಲ್ಲಿ ಆ ಪದ ಕಾಣಿಸದಿರಬಹುದು.

ಉಂಟಾಗುವ ಬಗೆ

ಹಗಲಿನ ಬಿಸಿಲಿಗೆ ನೆಲ ಕಾದು, ಅದರ ಮೇಲಿನ ಗಾಳಿ ಹಗುರವಾಗಿ ಮೇಲೇರುತ್ತದೆ. ಬಂಗಾಳಕೊಲ್ಲಿ ಹಾಗೂ ಅರಬ್ಬಿ ಸಮುದ್ರಗಳಿಂದ ಬಂದ ತೇವಾಂಶ ಅದರೊಡನೆ ಸೇರಿದಾಗ, ಮೇಲಿನ ತಂಪಿನಲ್ಲಿ ಆವಿಯು ಹನಿಗಟ್ಟಿ ಎತ್ತರದ ರಾಶಿಮೋಡವಾಗುತ್ತದೆ. ಮೋಡದೊಳಗಿನ ಮಂಜುಗಡ್ಡೆಯ ಕಣಗಳು ಪರಸ್ಪರ ಡಿಕ್ಕಿಹೊಡೆದು ವಿದ್ಯುದಾವೇಶ ಉಂಟಾಗಿ ಮಿಂಚು ಹುಟ್ಟುತ್ತದೆ. ಮಳೆಯೊಡನೆ ಕೆಳಗಿಳಿಯುವ ತಂಪು ಗಾಳಿ ನೆಲಕ್ಕೆ ತಾಗಿ ಸುತ್ತಲೂ ಹರಡುವುದರಿಂದ, ಮೊದಲ ಹನಿಗೂ ಮುನ್ನ ದೂಳೆಬ್ಬಿಸುವ ಗಾಳಿ ಬೀಸುತ್ತದೆ. ಕೆಲವೊಮ್ಮೆ ಆಲಿಕಲ್ಲು ಬೀಳುವುದೂ ಉಂಟು. ದಕ್ಷಿಣ ಒಳನಾಡಿನ ಮೇಲೆ ಉತ್ತರ-ದಕ್ಷಿಣವಾಗಿ ಚಾಚಿಕೊಳ್ಳುವ ಕಡಿಮೆ ಒತ್ತಡದ ದ್ರೋಣಿಯು ಈ ಕ್ರಿಯೆಗೆ ನೆರವಾಗುತ್ತದೆ.

ಬಿಸಿಲು ಹೆಚ್ಚಾದರೆ ಮಳೆ ಖಚಿತ ಎಂಬ ನಂಬಿಕೆ ಪೂರ್ಣ ಸತ್ಯವಲ್ಲ. 2024ರ ಏಪ್ರಿಲ್ ತೀವ್ರ ಸೆಕೆಯಿಂದ ಕೂಡಿದ್ದರೂ ನಗರದಲ್ಲಿ ಅಳೆಯಬಹುದಾದಷ್ಟು ಮಳೆ ಬೀಳಲಿಲ್ಲ. ಶಾಖದೊಂದಿಗೆ ಸಾಕಷ್ಟು ತೇವಾಂಶವೂ ಸೇರಬೇಕು.

ಮಳೆ ನಕ್ಷತ್ರಗಳು

ರೈತರು ಈ ಮಳೆಯನ್ನು ನಕ್ಷತ್ರಗಳ ಹೆಸರಿನಿಂದ ಗುರುತಿಸುತ್ತಾರೆ. ಏಪ್ರಿಲ್ ಮಧ್ಯಭಾಗದಿಂದ ಅಶ್ವಿನಿ, ತಿಂಗಳ ಕೊನೆಯಿಂದ ಭರಣಿ, ಮೇ ಎರಡನೆಯ ವಾರದಿಂದ ಕೃತ್ತಿಕಾ, ಮೇ ಕೊನೆಯ ವಾರದಿಂದ ರೋಹಿಣಿ ಮಳೆ. ‘ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ’ ಎಂಬುದು ಪ್ರಸಿದ್ಧ ಗಾದೆ. ಹೊಲ ಉಳಲು ಹದ ನೀಡುವ ಇದೇ ಮಳೆ ಆಲಿಕಲ್ಲಿನೊಡನೆ ಬಂದರೆ, ಯಲಹಂಕದ ಆಚೆಯ ದೇವನಹಳ್ಳಿ, ದೊಡ್ಡಬಳ್ಳಾಪುರ ಸೀಮೆಯ ದ್ರಾಕ್ಷಿ ಹಾಗೂ ಮಾವಿನ ಬೆಳೆಗೆ ಹಾನಿಯಾಗುತ್ತದೆ.

ಮುನ್ಸೂಚನೆಯನ್ನು ಓದುವ ಬಗೆ

ಮುನ್ಸೂಚನೆಯಲ್ಲಿ ಬಳಸುವ ‘ಒಂದೆರಡು ಕಡೆ’, ‘ಕೆಲವು ಕಡೆ’ ಮುಂತಾದ ಮಾತುಗಳಿಗೆ ನಿಶ್ಚಿತ ಅರ್ಥವಿದೆ. ಒಂದು ವಲಯದ ಮಳೆಮಾಪನ ಕೇಂದ್ರಗಳಲ್ಲಿ ಶೇಕಡಾ 25ರವರೆಗಿನ ಕೇಂದ್ರಗಳಲ್ಲಿ ಮಳೆಯ ನಿರೀಕ್ಷೆಯಿದ್ದರೆ ಒಂದೆರಡು ಕಡೆ, 26ರಿಂದ 50ರಷ್ಟಾದರೆ ಕೆಲವು ಕಡೆ, 51ರಿಂದ 75ರಷ್ಟಾದರೆ ಹಲವು ಕಡೆ, ಅದಕ್ಕೂ ಮೀರಿದರೆ ಬಹುತೇಕ ಎಲ್ಲ ಕಡೆ ಎಂದರ್ಥ. ಹೀಗಾಗಿ ‘ಒಂದೆರಡು ಕಡೆ ಗುಡುಗುಸಹಿತ ಮಳೆ’ ಎಂದ ದಿನ ಆರ್.ಟಿ. ನಗರದಲ್ಲಿ ಮಳೆ ಸುರಿದು ಯಲಹಂಕ ಒಣಗಿದ್ದರೆ, ಅದರಿಂದ ಮುನ್ಸೂಚನೆ ತಪ್ಪಿದಂತಾಗುವುದಿಲ್ಲ.

ಹಳದಿ ಬಣ್ಣವು ಗಮನವಿರಿಸಬೇಕೆಂದೂ, ಕಿತ್ತಳೆ ಸಿದ್ಧರಾಗಿರಬೇಕೆಂದೂ, ಕೆಂಪು ಕೂಡಲೇ ಕ್ರಮ ಕೈಗೊಳ್ಳಬೇಕೆಂದೂ ಸೂಚಿಸುತ್ತದೆ. ಮೋಡ ಕಟ್ಟಿದ ಮೇಲೆ, ಮುಂದಿನ ಸುಮಾರು ಮೂರು ಗಂಟೆಗಳಿಗಾಗಿ ಹವಾಮಾನ ಇಲಾಖೆ ನೀಡುವ ತತ್‌ಕ್ಷಣದ ಮುನ್ಸೂಚನೆ ಹೆಚ್ಚು ಉಪಯುಕ್ತ. 1988ರಲ್ಲಿ ಬರ ಪರಿಸ್ಥಿತಿಯ ಅಧ್ಯಯನಕ್ಕಾಗಿ ಸ್ಥಾಪನೆಯಾದ ಘಟಕವೇ ಮುಂದೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆಯಿತು. ಯಲಹಂಕದಲ್ಲಿರುವ ಈ ಕೇಂದ್ರವು ರಾಜ್ಯದಾದ್ಯಂತ ಇರುವ ಸ್ವಯಂಚಾಲಿತ ಮಳೆಮಾಪಕಗಳಿಂದ ಮಾಹಿತಿ ಸಂಗ್ರಹಿಸುತ್ತದೆ. ಬೆಂಗಳೂರಿಗಾಗಿ ‘ಮೇಘ ಸಂದೇಶ’ ಎಂಬ ಮೊಬೈಲ್ ಆ್ಯಪ್ ಅನ್ನೂ ರೂಪಿಸಿದೆ.

ಪರಿಣಾಮ ಮತ್ತು ಮುನ್ನೆಚ್ಚರಿಕೆ

ಮೇ ತಿಂಗಳಲ್ಲಿ ನಗರದ ವಾಡಿಕೆ ಮಳೆ ಸುಮಾರು 130 ಮಿ.ಮೀ. 2023 ಮತ್ತು 2025ರ ಮೇ ತಿಂಗಳುಗಳಲ್ಲಿ ಅದು 300 ಮಿ.ಮೀ. ದಾಟಿತು. ಹೆಬ್ಬಾಳ ಕೆರೆಯಿಂದ ನಾಗವಾರ ಕೆರೆಗೂ, ಯಲಹಂಕದಿಂದ ಜಕ್ಕೂರು, ರಾಚೇನಹಳ್ಳಿ ಕೆರೆಗಳಿಗೂ ನೀರು ಹರಿಯುವ ತಗ್ಗುಗಳಲ್ಲಿ ಇಂದು ರಸ್ತೆ ಹಾಗೂ ಕಟ್ಟಡಗಳಿವೆ. ಒಂದು ಗಂಟೆಯ ಬಿರುಸಿನ ಮಳೆಗೂ ರಾಜಕಾಲುವೆಗಳು ತುಂಬಿ ನೀರು ರಸ್ತೆಗೆ ಬರುತ್ತದೆ. 2025ರ ಮೇ ತಿಂಗಳಲ್ಲಿ ನಾಗವಾರದ ಮಾನ್ಯತಾ ಟೆಕ್ ಪಾರ್ಕ್ ಜಲಾವೃತವಾಗಿತ್ತು. 2023ರ ಮೇ 21ರಂದು ನಗರದ ಮಧ್ಯಭಾಗದ ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ನಿಂತ ಮಳೆನೀರಿಗೆ ಕಾರು ಸಿಲುಕಿ ಯುವತಿಯೊಬ್ಬರು ಮೃತಪಟ್ಟರು.

ಗುಡುಗು ಕೇಳಿಸುವಷ್ಟು ಹತ್ತಿರದಲ್ಲಿ ಮೋಡವಿದ್ದರೆ ಸಿಡಿಲು ಬಡಿಯುವ ಅಪಾಯವಿದೆ ಎಂದು ತಿಳಿದು ಪಕ್ಕಾ ಕಟ್ಟಡದೊಳಗೆ ಸೇರಬೇಕು. ಮರದ ಕೆಳಗೆ ನಿಲ್ಲುವುದರಿಂದ ಸಿಡಿಲು ಹಾಗೂ ಮುರಿದು ಬೀಳುವ ಕೊಂಬೆ ಎರಡರ ಅಪಾಯವೂ ಇದೆ. ನೀರು ನಿಂತ ಅಂಡರ್‌ಪಾಸ್‌ನ ಆಳ ಮೇಲಿನಿಂದ ತಿಳಿಯದು. ಅಲ್ಲಿಗೆ ವಾಹನ ಇಳಿಸದಿರುವುದೇ ಕ್ಷೇಮ.