ಕುಲದೀಪ್ ನಯ್ಯರ್ ಯಾರ ಪರ?

2006ರ ಸಾಚಾರ್ ವರದಿಯ ಹೆಸರು ಕೇಳದ ಮುಸ್ಲಿಮ್ ಮನೆ ಅಪರೂಪ. ಆ ಸಮಿತಿಯ ಅಧ್ಯಕ್ಷರಾಗಿದ್ದ ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಅವರ ಸಹೋದರಿ ಭಾರತಿಯ ಪತಿಯೇ ಪತ್ರಕರ್ತ ಕುಲದೀಪ್ ನಯ್ಯರ್. 1923ರಲ್ಲಿ ಸಿಯಾಲ್‌ಕೋಟ್‌ನಲ್ಲಿ ಹುಟ್ಟಿದ ಅವರು ವಿಭಜನೆಯಲ್ಲಿ ಮನೆ ಕಳೆದುಕೊಂಡು ದೆಹಲಿಗೆ ಬಂದರು. ಮೊದಲ ಕೆಲಸ ‘ಅಂಜಾಮ್’ ಎಂಬ ಉರ್ದು ಪತ್ರಿಕೆಯಲ್ಲಿ. ಅಂಜಾಮ್ ಎಂದರೆ ಅಂತ್ಯ. ವೃತ್ತಿಯ ಆರಂಭವೇ ಅಂತ್ಯದಿಂದ ಎನ್ನಬೇಕು!

ಅವರು ನಿಷ್ಪಕ್ಷಪಾತಿಯೇ? ಈ ಪ್ರಶ್ನೆ 1964ರಲ್ಲೇ ಎದ್ದಿತ್ತು. ನೆಹರೂ ನಿಧನರಾದ ಬೆನ್ನಿಗೇ, ಪ್ರಧಾನಿ ಹುದ್ದೆಯ ಸ್ಪರ್ಧೆಗೆ ಮೊರಾರ್ಜಿ ದೇಸಾಯಿ ಎಲ್ಲರಿಗಿಂತ ಮೊದಲು ಇಳಿದಿದ್ದಾರೆಂದು ನಯ್ಯರ್ ಯುಎನ್‌ಐ ಸುದ್ದಿಸಂಸ್ಥೆಯ ಮೂಲಕ ವರದಿ ಮಾಡಿದರು. ಚಿತೆ ಆರುವ ಮುನ್ನವೇ ಕುರ್ಚಿಯ ಆಸೆಯೇ ಎಂದು ಹಲವರು ಮುನಿದರು. ಲಾಲ್ ಬಹಾದುರ್ ಶಾಸ್ತ್ರಿ ಪ್ರಧಾನಿಯಾದರು. ನಯ್ಯರ್ ಅದಕ್ಕೆ ಮುಂಚೆ ಅದೇ ಶಾಸ್ತ್ರಿಯವರ ವಾರ್ತಾಧಿಕಾರಿಯಾಗಿದ್ದವರು! ಇದು ಬೇಕೆಂದೇ ಮಾಡಿದ್ದೆಂದು ಮೊರಾರ್ಜಿ ನಂಬಿದರು. ಅಂತಹ ಉದ್ದೇಶ ಇರಲಿಲ್ಲವೆಂದು ನಯ್ಯರ್ ಆತ್ಮಕತೆಯಲ್ಲಿ ಹೇಳಿದ್ದಾರೆ. ಆದರೂ ಶಂಕಿಸಿದವರನ್ನು ದೂಷಿಸಲಾಗದು. ನಿನ್ನೆ ಸಚಿವರ ಸಿಬ್ಬಂದಿ, ಇಂದು ವರದಿಗಾರ ಎಂದರೆ ಯಾರಿಗೂ ಅನುಮಾನ ಬರುತ್ತದೆ.

ಸ್ವಂತದವರ ವಿರುದ್ಧವಾದರೂ ನ್ಯಾಯಕ್ಕೆ ಸಾಕ್ಷಿಗಳಾಗಬೇಕೆಂದು ಪವಿತ್ರ ಕುರ್‌ಆನಿನ ಸೂರಃ ಅನ್ನಿಸಾ ಆದೇಶಿಸುತ್ತದೆ. ಈ ಅಳತೆಗೋಲು ಹಿಡಿದು 1975ನ್ನು ನೋಡಬೇಕು. ಕಾಂಗ್ರೆಸ್ ಸಚಿವರ ಬಳಿ ದುಡಿದಿದ್ದ ನಯ್ಯರ್, ಇಂದಿರಾ ಗಾಂಧಿ ತುರ್ತುಪರಿಸ್ಥಿತಿ ಹೇರಿದಾಗ ದೆಹಲಿಯ ಪ್ರೆಸ್‌ಕ್ಲಬ್‌ನಲ್ಲಿ ಪತ್ರಕರ್ತರನ್ನು ಸೇರಿಸಿ ಸೆನ್ಸಾರ್ ವಿರುದ್ಧ ಠರಾವು ಮಾಡಿಸಿದರು. ಜುಲೈಯಲ್ಲಿ ಮೀಸಾ ಕಾಯ್ದೆಯಡಿ ಬಂಧನವಾಯಿತು. ಭಾರತಿಯವರ ವೃದ್ಧ ತಂದೆ, ಪಂಜಾಬಿನ ಮಾಜಿ ಮುಖ್ಯಮಂತ್ರಿ ಭೀಮಸೇನ್ ಸಾಚಾರ್ ಅವರನ್ನೂ ಸರ್ಕಾರ ಬಿಡಲಿಲ್ಲ. ಪತಿಯೂ ತಂದೆಯೂ ಜೈಲಿನಲ್ಲಿರುವಾಗ ಒಬ್ಬ ಗೃಹಿಣಿ ಏನು ಮಾಡಿಯಾಳು? ಭಾರತಿ ದೆಹಲಿ ಹೈಕೋರ್ಟಿನ ಬಾಗಿಲು ತಟ್ಟಿದರು. ನಯ್ಯರ್ ಬಗ್ಗೆ ಬರೆಯುವವರು ಈ ಧೀರೆಯನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ತೀರ್ಪಿಗೆ ಮುಂಚೆಯೇ ಸರ್ಕಾರ ನಯ್ಯರ್ ಅವರನ್ನು ಬಿಡುಗಡೆ ಮಾಡಿತು. ಆದರೂ ನ್ಯಾಯಾಧೀಶರು ತೀರ್ಪು ಕೊಟ್ಟರು, ಬಂಧನ ಕಾನೂನುಬಾಹಿರವೆಂದರು. ಫಲವಾಗಿ ರಂಗರಾಜನ್ ಗುವಾಹಟಿಗೆ ವರ್ಗವಾದರು, ಅಗರ್‌ವಾಲ್ ಸೆಷನ್ಸ್ ಕೋರ್ಟಿಗೆ ಮರಳಿದರು.

1990ರಲ್ಲಿ ವಿ.ಪಿ. ಸಿಂಗ್ ಸರ್ಕಾರದಿಂದ ಲಂಡನ್ನಿನ ಹೈಕಮಿಷನರ್ ಹುದ್ದೆ ಸ್ವೀಕರಿಸಿದ್ದು ನನಗೆ ಸರಿ ಕಾಣುವುದಿಲ್ಲ. ಸರ್ಕಾರವನ್ನು ಪ್ರಶ್ನಿಸುವ ಲೇಖನಿಗೆ ಅದೇ ಸರ್ಕಾರದ ಕುರ್ಚಿ ಒಗ್ಗದು.

ಆಗಸ್ಟ್ 14ರ ರಾತ್ರಿ ವಾಘಾ ಗಡಿಯಲ್ಲಿ ಮೊಂಬತ್ತಿ ಹಚ್ಚುತ್ತಿದ್ದ ಅವರನ್ನು ಇಲ್ಲಿ ಕೆಲವರು ಪಾಕಿಸ್ತಾನದ ಪರ ಎಂದು ಹಳಿದರು. 2018ರಲ್ಲಿ ತೀರಿಕೊಳ್ಳುವವರೆಗೂ ಆ ಮಾತು ತಪ್ಪಲಿಲ್ಲ. ಆದರೆ ಪಾಕಿಸ್ತಾನದ ಬಳಿ ಅಣುಬಾಂಬಿನ ಸಾಮರ್ಥ್ಯವಿದೆಯೆಂದು ವಿಜ್ಞಾನಿ ಎ.ಕ್ಯೂ. ಖಾನ್ ಅವರ ಬಾಯಿಂದಲೇ ಹೇಳಿಸಿ 1987ರಲ್ಲಿ ಜಗತ್ತಿಗೆ ತಿಳಿಸಿದವರೂ ಇದೇ ನಯ್ಯರ್. ಆ ಸಂದರ್ಶನಕ್ಕೆ ವ್ಯವಸ್ಥೆ ಮಾಡಿದ್ದ ಅಲ್ಲಿನ ಸಂಪಾದಕ ಮುಶಾಹಿದ್ ಹುಸೈನ್ ಹುದ್ದೆ ತೊರೆಯಬೇಕಾಯಿತು.