ನಿಮಗಿದು ಗೊತ್ತೆ? ದೀಪ ಹತ್ತಿದರೆ ಹಾಡು ಗೆದ್ದಂತೆ!

ನಡುರಾತ್ರಿ ಹುಡುಗಿಯ ಮನೆಯೆದುರು ನಿಂತು ಹಾಡುವುದು ಮೆಕ್ಸಿಕೊದಲ್ಲಿ ಪ್ರೇಮ ನಿವೇದನೆಯ ಹಳೆಯ ಪದ್ಧತಿ. ಇದಕ್ಕೆ ‘ಸೆರೆನಾಟಾ’ ಎನ್ನುತ್ತಾರೆ. ಹುಡುಗನ ಕಂಠ ಚೆನ್ನಾಗಿಲ್ಲದಿದ್ದರೂ ಚಿಂತೆಯಿಲ್ಲ. ಪಿಟೀಲು, ಗಿಟಾರ್, ತುತ್ತೂರಿಗಳ ‘ಮರಿಯಾಚಿ’ ಮೇಳ ಹಣ ಕೊಟ್ಟರೆ ಬರುತ್ತದೆ. ಮೆಕ್ಸಿಕೊ ನಗರದ ಗರಿಬಾಲ್ಡಿ ಚೌಕದಲ್ಲಿ ಈ ವಾದ್ಯಗಾರರು ಇಂದಿಗೂ ಗಿರಾಕಿಗಳಿಗಾಗಿ ಕಾದಿರುತ್ತಾರೆ. ಹಾಡು ಕೇಳಿ ಕೋಣೆಯ ದೀಪ ಹತ್ತಿ, ಹುಡುಗಿ ಕಿಟಕಿಗೆ ಬಂದರೆ ಮೆಚ್ಚುಗೆ ಸಿಕ್ಕಿತೆಂದೇ ಲೆಕ್ಕ. ಕತ್ತಲೆ ಕದಲದಿದ್ದರೆ? ಮೇಳದವರ ಸಂಭಾವನೆಯನ್ನಂತೂ ಕೊಡಲೇಬೇಕು. ನೆರೆಹೊರೆಯವರ ನಿದ್ದೆ ಕೆಡಿಸಿದ್ದು ಬೇರೆ!

ಮರಿಯಾಚಿ ಸಂಗೀತ 2011ರಲ್ಲಿ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿ ಸೇರಿತು.

ಈ ಮೇಳಗಳ ಹಾಡುಗಳಲ್ಲಿನ ಹೊಗಳಿಕೆಯೂ ಸ್ವಾರಸ್ಯದ್ದೇ. ಜಗತ್ಪ್ರಸಿದ್ಧ ‘ಸಿಯೆಲಿಟೊ ಲಿಂಡೊ’ದ ಪ್ರೇಮಿ ನಲ್ಲೆಯ ತುಟಿಯ ಬಳಿಯ ಮಚ್ಚೆಗೇ ಮರುಳಾಗಿ, ಅದು ತನಗೊಬ್ಬನಿಗೇ ಮೀಸಲಿರಲಿ ಎಂದು ಬೇಡುತ್ತಾನೆ.

‘ಹರಾಬೆ ತಪತಿಯೊ’ ಎಂಬ ಕುಣಿತದ ಹಾಡಿನಲ್ಲಿ ಓಲೈಕೆ ಹೆಜ್ಜೆಗಳಿಗಿಳಿಯುತ್ತದೆ. ಗಂಡು ತನ್ನ ಅಗಲದ ಟೋಪಿಯನ್ನು ನೆಲಕ್ಕೆಸೆಯುತ್ತಾನೆ, ಹೆಣ್ಣು ಅದರ ಅಂಚಿನ ಸುತ್ತ ಹೆಜ್ಜೆ ಹಾಕುತ್ತಾಳೆ. ರಷ್ಯಾದ ಬ್ಯಾಲೆ ತಾರೆ ಆನಾ ಪಾವ್ಲೊವಾ 1919ರಲ್ಲಿ ಮೆಕ್ಸಿಕೊಗೆ ಬಂದಾಗ ಇದನ್ನು ಕಲಿತು, ಕಾಲ್ಬೆರಳ ತುದಿಯಲ್ಲೇ ಕುಣಿದು ತೋರಿಸಿದ್ದರು.